ಅರ್ಧ ಸುತ್ತು ಹಿಂದಕ್ಕೆ

ಮೇಲ್ಬೀದಿ ಸಂಘದ ಅಧ್ಯಕ್ಷರ ಮನೆಯ ನೀರಿನ ಮೋಟಾರು ಸುಟ್ಟುಹೋದ ದಿನ, ಊರಿನಲ್ಲಿ ಕಳ್ಳತನ ಆಗಿದೆ ಅಂತ ಯಾರಿಗೂ ಅನ್ನಿಸಲಿಲ್ಲ. ಮೋಟಾರು ಅಂದಮೇಲೆ ಒಂದು ದಿನ ಸುಡಲೇಬೇಕು. ಆದರೆ ಮಾರನೇ ದಿನವೂ ಮೇಲ್ಬೀದಿಯ ನಲ್ಲಿಗಳು ಬುಸ್ ಅಂತ ಗಾಳಿ ಉಗುಳಿದವು, ಮೂರನೇ ದಿನವೂ ಉಗುಳಿದವು. ಅದೇ ಮೂರು ದಿನ, ಗೋಡೆಯ ಆಚೆ ಕೆಳಗಿನ ಓಣಿಯಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟುತ್ತಿದ್ದಂತೆ ನೀರು ಬಂತು, ಅದೂ ಕೊಡ ತುಂಬಿ ಚೆಲ್ಲುವಷ್ಟು. ಆಗ ಅಧ್ಯಕ್ಷರು ಕೋಟು ಹಾಕಿಕೊಂಡು ಪೊಲೀಸ್ ಠಾಣೆಗೆ ಹೋದರು.

ಈ ಊರಿಗೆ ನೀರು ಬಿಡುವವಳು ಒಬ್ಬಳೇ, ನೀರಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಅದು ಅವಳಿಗೇ ಮರೆತಂತಿತ್ತು. ಹೆಗಲ ಮೇಲೆ ಎದೆಯೆತ್ತರದ ಕಬ್ಬಿಣದ ಕೀಲಿ ಹೊತ್ತು ಬೆಳಗಿನಿಂದ ಸಂಜೆವರೆಗೆ ಬೀದಿ ಸುತ್ತುವುದು ಅವಳ ಕೆಲಸ. ರಸ್ತೆಯ ಗುಂಡಿಯ ಮುಚ್ಚಳ ಎತ್ತಬೇಕು, ಕೀಲಿಯನ್ನು ಒಳಗಿನ ವಾಲ್ವಿನ ತಲೆಗೆ ಕೂರಿಸಬೇಕು, ಅಡ್ಡಹಿಡಿ ಹಿಡಿದು ಸುತ್ತಬೇಕು. ಅಷ್ಟೇ ತಾನೇ ಅನ್ನುವವರನ್ನು ಒಂದು ದಿನ ಅವಳ ಜೊತೆ ಕಳಿಸಬೇಕು. ಒಂದೊಂದು ವಾಲ್ವಿಗೆ ಒಂದೊಂದು ಗುಣ. ಶಾಲೆಯ ಹತ್ತಿರದ್ದು ಮೊಂಡ, ಎರಡು ಸಲ ಒದ್ದರೆ ಮಾತ್ರ ಅಲುಗುತ್ತದೆ. ಆಸ್ಪತ್ರೆಯ ಹತ್ತಿರದ್ದು ಸಾಧು. ಕೀಲಿಯ ಅಡ್ಡಹಿಡಿಗೆ ಕಿವಿ ಇಟ್ಟರೆ ಪೈಪಿನೊಳಗೆ ನೀರು ಓಡುವುದು, ಎಲ್ಲೋ ಸೋರುವುದು, ಸುಮ್ಮನೆ ನಿಂತಿರುವುದು ಎಲ್ಲ ಕೇಳುತ್ತದೆ. ಈ ವಿದ್ಯೆ ಗಂಡ ಕಲಿಸಿದ್ದು. ಗಂಡನಿಗೆ ಅವನ ಅಪ್ಪ ಕಲಿಸಿದ್ದು. ಗಂಡ ತೀರಿಕೊಂಡು ಆರು ವರ್ಷ ಆಗಿತ್ತು. ಆ ಕೆಲಸವನ್ನು ಇಲಾಖೆ ಅವಳಿಗೆ ಕೊಟ್ಟಿತ್ತು, ಕಾಯಂ ಅಲ್ಲ, ವರ್ಷ ವರ್ಷಕ್ಕೆ ಕಾಗದ ಹೊಸದು ಮಾಡಿಸಿಕೊಳ್ಳುವ ಕೆಲಸ. ಅದರ ಜೊತೆಗೆ ನೀರಿನ ಟ್ಯಾಂಕಿನ ಬುಡದಲ್ಲಿ ಒಂದೂವರೆ ಕೋಣೆಯ ಮನೆ.

ಆ ಮನೆಯಲ್ಲಿ ಅವಳ ಮಾವ ಇದ್ದ. ಮೂವತ್ತನಾಲ್ಕು ವರ್ಷ ಇದೇ ಊರಿಗೆ ನೀರು ಬಿಟ್ಟ ಮನುಷ್ಯ, ಈಗ ಎಂಬತ್ತೊಂದು. ಓಣಿಯವರೆಲ್ಲ ಅವನನ್ನು ನೀರಜ್ಜ ಅನ್ನುತ್ತಿದ್ದರು. ನೆನಪು ಮಾತ್ರ ಕೈಕೊಟ್ಟಿತ್ತು. ಒಂದು ದಿನ ಸೊಸೆಯನ್ನು ಗುರುತು ಹಿಡಿಯುತ್ತಿದ್ದ, ಇನ್ನೊಂದು ದಿನ 'ನೀವು ಯಾರ ಮನೆಯವರಮ್ಮ?' ಅಂತ ಕೇಳುತ್ತಿದ್ದ. ಊಟಕ್ಕೆ ತಕರಾರಿಲ್ಲ, ನಿದ್ದೆಗೆ ತಕರಾರಿಲ್ಲ. ಸೊಸೆ ಕೀಲಿ ಹೊತ್ತು ಹೊರಟಾಗ ಮಾತ್ರ ಮುಖ ತಿರುಗಿಸುತ್ತಿದ್ದ. "ಹೆಣ್ಣುಮಕ್ಕಳ ಕೈಗೆ ವಾಲ್ವ್ ಬಗ್ಗಲ್ಲ" ಅನ್ನುವುದೊಂದನ್ನು ಅವನು ಮರೆತಿರಲಿಲ್ಲ. ನೀರಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಮುದುಕ ಬೈದರೂ ಅವಳಿಗೆ ಅವನೆಂದರೆ ಪ್ರಾಣ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೇಲ್ಬೀದಿ ಮತ್ತು ಕೆಳಗಿನ ಓಣಿಯ ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದು. ಆ ಸಂದಿನಿಂದ ಬೆಳಿಗ್ಗೆ ಪಾತ್ರೆ ತೊಳೆಯುವವರು, ಕಾರು ಒರೆಸುವವರು, ನಲ್ಲಿ ರಿಪೇರಿಯವರು ಮೇಲೆ ಹೋಗುತ್ತಿದ್ದರು, ಸಂಜೆ ಕೆಳಗೆ ಬರುತ್ತಿದ್ದರು. ಮೇಲಿನವರು ಕೆಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಗೋಡೆಯ ಮೇಲ್ಬೀದಿಯ ಕಡೆಗೆ, ಒಂದು ಮರದ ಕೆಳಗೆ, ಎರಡೂ ಕಡೆಯ ವಾಲ್ವುಗಳು ಒಂದೇ ಗುಂಡಿಯಲ್ಲಿ ಇದ್ದವು. ಮೇಲ್ಬೀದಿಗೆ ಮಧ್ಯಾಹ್ನ ಒಂದರಿಂದ ಮೂರು, ಎರಡು ಗಂಟೆ ನೀರು; ಏರು ಹತ್ತಿ ನಲ್ಲಿಗಳಿಗೆ ಮುಟ್ಟುವಷ್ಟರಲ್ಲಿ ಎರಡು ದಾಟುತ್ತಿತ್ತು. ಓಣಿಗೆ ಬೆಳಿಗ್ಗೆ ಆರರಿಂದ ಆರೂವರೆ, ಅರ್ಧ ಗಂಟೆ. ಓಣಿಯಲ್ಲಿ ಮನೆಗಳು ಮೂರು ಪಟ್ಟು. ನೀರಕ್ಕ ಹುಟ್ಟಿ ಬೆಳೆದದ್ದು ಓಣಿಯಲ್ಲೇ, ಅವಳ ಅಮ್ಮ ಮತ್ತು ತಮ್ಮ ಈಗಲೂ ಅಲ್ಲೇ. ದಿನಾ ಬೆಳಿಗ್ಗೆ ಆರೂವರೆಗೆ ತನ್ನ ಕೈಯಾರೆ ತನ್ನ ತವರಿನ ನೀರು ನಿಲ್ಲಿಸುವಾಗ ಅವಳ ಹೊಟ್ಟೆ ಉರಿಯುತ್ತಿತ್ತು. ಆದರೂ ಒಂದು ನಿಮಿಷ ಹೆಚ್ಚು ಬಿಟ್ಟವಳಲ್ಲ. ಗಡಿಯಾರ ನೋಡಿ ಬಿಡು, ಮುಖ ನೋಡಿ ಬಿಡಬೇಡ ಅಂತ ಗಂಡ ಹೇಳಿದ್ದ.

ಮೊದಲ ದಿನ ಮೂರು ಗಂಟೆಗೆ ಮೇಲ್ಬೀದಿಯ ನೀರು ನಿಲ್ಲಿಸಲು ಹೋದಾಗ ವಾಲ್ವು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಆಗಲೇ ಬಂದ್ ಆಗಿತ್ತು. ನೀರಕ್ಕ ತನ್ನ ತಲೆಗೆ ತಾನೇ ಮೊಟಕಿಕೊಂಡಳು, ಒಂದು ಗಂಟೆಗೆ ತೆಗೆಯುವುದನ್ನೇ ಮರೆತೆನೇನೋ ಅಂತ. ಎರಡನೇ ದಿನ ಕಣ್ಣಲ್ಲಿ ಕಣ್ಣಿಟ್ಟು ತೆಗೆದಳು. ಮೂರಕ್ಕೆ ಬಂದರೆ ಮತ್ತೆ ಬಂದ್. ಒಂದಕ್ಕೂ ಮೂರಕ್ಕೂ ನಡುವೆ ಅವಳು ಊರಿನ ಇನ್ನೊಂದು ತುದಿಯಲ್ಲಿ ಇರುತ್ತಿದ್ದಳು, ನೋಡುವವರಿಲ್ಲ. ಮೂರನೇ ದಿನ ಇಲಾಖೆಗೆ ಹೋಗಿ, ಯಾರೋ ವಾಲ್ವಿಗೆ ಕೈ ಹಾಕುತ್ತಿದ್ದಾರೆ ಅಂತ ತಾನೇ ಬರೆದುಕೊಟ್ಟಳು. ತನ್ನ ಕೈಯಿಂದಲೇ ಕಾಗದ ಹೋಯಿತಲ್ಲ ಅನ್ನುವುದು ಆಮೇಲೆ ಅವಳನ್ನು ಬಹಳ ಕಾಡಿತು.

ಓಣಿಯಲ್ಲಿ ಮಾತ್ರ ಸಂಭ್ರಮ. ಎರಡು ಗಂಟೆಗೆ ನೀರು ಬರುತ್ತಿದೆ, ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದರೆ ನಿಂತುಹೋದೀತು ಅನ್ನುವ ಭಯ. ನೀರಕ್ಕನ ಅಮ್ಮ ದಿನಕ್ಕೆ ಎರಡು ಸಲ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಮಹಾರಾಣಿಯ ಹಾಗೆ ಹೊಸಿಲ ಮೇಲೆ ಕೂರುತ್ತಿದ್ದಳು. "ಇಲಾಖೆಯವರಿಗೆ ಒಳ್ಳೆ ಬುದ್ಧಿ ಬಂದಿದೆ ಕಣೇ" ಅಂತ ಮಗಳಿಗೇ ಹೇಳಿದಳು.

ಏಳನೇ ದಿನ ಪೊಲೀಸರಿಗೆ ಸಾಕ್ಷಿ ಸಿಕ್ಕಿತು. ಅಧ್ಯಕ್ಷರ ಹೆಂಡತಿ. ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಆಕೆ ನಿಂತು ಬೀದಿ ನೋಡುವುದು ಓಣಿಗೂ ಕಾಣುತ್ತಿದ್ದರಿಂದ ಓಣಿಯವರು ಆಕೆಗೆ ಬಾಲ್ಕನಿ ಮೇಡಂ ಅಂತ ಹೆಸರಿಟ್ಟಿದ್ದರು. ಆಕೆ ಹೇಳಿದ್ದು ಇಷ್ಟು: "ಎರಡು ಗಂಟೆಗೆ ಖಾಕಿ ಅಂಗಿ ಹಾಕ್ಕೊಂಡವನು ಒಬ್ಬ ಗುಂಡಿ ಹತ್ತಿರ ಬಗ್ಗಿ ಏನೋ ಮಾಡ್ತಿದ್ದ. ನಮ್ಮನೆ ನಲ್ಲಿ ರಿಪೇರಿಗೆ ಬರ್ತಾನಲ್ಲ ಆ ಪೈಪಿನವನು, ಓಣಿಯವನು, ಅವನೇ." ಸುಳ್ಳು ಹೇಳುವ ಹೆಂಗಸಲ್ಲ ಆಕೆ. ತಾನು ನೋಡಿದ್ದೇ ಅವನನ್ನು ಅಂತ ನಂಬಿಕೊಂಡೇ ಹೇಳಿದಳು.

ಪೈಪಿನವನು ಅಂದರೆ ನೀರಕ್ಕನ ತಮ್ಮ. ಜೇಬಿನ ತುಂಬ ರಬ್ಬರ್ ವಾಷರ್ ಇಟ್ಟುಕೊಂಡು ತಿರುಗುತ್ತಿದ್ದ ಅವನನ್ನು ಎಲ್ಲರೂ ವಾಷರ್ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ, ತೆಳ್ಳಗೆ, ಬಾಯಿ ಮಾತ್ರ ಜೋರು. ಪೊಲೀಸರು ಮನೆ ಹುಡುಕಿದರೆ ಪಾನಾಗಳು ಸಿಕ್ಕವು, ಪೈಪಿನ ಕೆಲಸದವನ ಮನೆಯಲ್ಲಿ ಇನ್ನೇನು ಸಿಗಬೇಕು? ಅಂಗಳದಲ್ಲಿ ನೀರು ತುಂಬಿದ ಡ್ರಮ್ಮು ಇತ್ತು, ಅದೂ ಸಾಕ್ಷಿಯಾಯಿತು. ನಾಳಿದ್ದು ಸಂಜೆ ನಾಲ್ಕಕ್ಕೆ ಕೋರ್ಟು. ಕೇಸು ದಾಖಲಾದರೆ ಅವನ ಪ್ಲಂಬಿಂಗ್ ಲೈಸೆನ್ಸು ರದ್ದು, ಆಮೇಲೆ ಮೇಲ್ಬೀದಿಯಲ್ಲಿ ಒಂದು ನಲ್ಲಿಯನ್ನೂ ಅವನು ಮುಟ್ಟುವ ಹಾಗಿಲ್ಲ. ವಿಚಿತ್ರ ಅಂದರೆ, ಬಾಯಿಗೆ ಬೀಗವೇ ಇಲ್ಲದ ಆ ವಾಷರ್ ಠಾಣೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. "ನಾನಲ್ಲ ಸಾರ್" ಅಂದ, ಅಷ್ಟೇ.

ಎಂಟನೇ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರು ಅವನನ್ನು ಗುಂಡಿಯ ಹತ್ತಿರ ಕರೆತಂದರು. ನೀರಕ್ಕನಿಗೂ ಕೀಲಿ ತಗೊಂಡು ಬಾ ಅಂತ ಹೇಳಿಕಳಿಸಿದ್ದರು. ಅಧ್ಯಕ್ಷರು ಕೈ ಕಟ್ಟಿಕೊಂಡು ನಿಂತಿದ್ದರು, ಎಂಟು ದಿನದಿಂದ ಇಸ್ತ್ರಿ ಕಾಣದ ಅಂಗಿಯಲ್ಲಿ.

"ಹೆಂಗೆ ಬಂದ್ ಮಾಡ್ದೆ, ಮಾಡಿ ತೋರ್ಸು" ಅಂದರು ಇನ್ಸ್‌ಪೆಕ್ಟರು.

ವಾಷರ್ ಕೀಲಿ ಇಳಿಸಿದ. ಯಾವ ನಲ್ಲಿಯನ್ನಾದರೂ ಮುಚ್ಚುವ ಹಾಗೆ ಬಲಕ್ಕೆ ತಿರುಗಿಸಿದ. ಕೆಳಗೆ ಪೈಪಿನಲ್ಲಿ ಗಳಗಳ ಶಬ್ದ ಎದ್ದಿತು.

ಮೇಲ್ಬೀದಿಯ ಆ ವಾಲ್ವು ಎಡಚ. ಬಲಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತದೆ, ಎಡಕ್ಕೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಎಲ್ಲಿಂದಲೋ ತಂದು ಕೂರಿಸಿದ್ದು, ಊರಿನಲ್ಲೇ ಅಂಥದ್ದು ಅದೊಂದೇ. ನೀರಕ್ಕನ ಮುಖ ಅರಳಿತು.

"ಸಾರ್, ಇವನಿಗೆ ಮುಚ್ಚೋದೇ ಗೊತ್ತಿಲ್ಲ! ತೆಗೀತಾ ಇದ್ದಾನೆ ನೋಡಿ! ಇದು ಎಡಚ ವಾಲ್ವು, ತಿಳ್ಕೊಂಡಿರೋರಿಗೆ ಮಾತ್ರ ಬರುತ್ತೆ."

"ಯಾರ್ಯಾರಿಗೆ ಬರುತ್ತೆ?"

"ನನ್ನ ಗಂಡನಿಗೆ ಬರ್ತಿತ್ತು. ನನಗೆ ಬರುತ್ತೆ. ಆಮೇಲೆ…" ಅಂದವಳು ಅಲ್ಲೇ ನಿಂತಳು.

"ಆಮೇಲೆ?"

ಎಂಟು ದಿನದಿಂದ ಅವಳ ಕೈಗೆ ಗೊತ್ತಿದ್ದ ವಿಷಯ ಈಗ ತಲೆಗೆ ಹತ್ತಿತು. ಆ ಅರ್ಧ ಸುತ್ತು. ಹಳೆಯ ವಾಲ್ವನ್ನು ಪೂರ್ತಿ ಬಿಗಿದು ಬಿಟ್ಟರೆ ಮಾರನೇ ದಿನ ಕಚ್ಚಿಕೊಂಡು ಕೂರುತ್ತದೆ. ಅದಕ್ಕೇ ಬಿಗಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು, ನೀರು ಸೋರುವುದಿಲ್ಲ, ಬಿಗಿ ಮಾತ್ರ ಸಡಿಲವಾಗುತ್ತದೆ. ಇದು ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲ. ಅವಳ ಮನೆಯ ಪದ್ಧತಿ. ದಿನಾ ಮೂರು ಗಂಟೆಗೆ ವಾಲ್ವು ಅರ್ಧ ಸುತ್ತು ತಿರುಗಿ ನಿಲ್ಲುತ್ತಿದ್ದಾಗ ಅವಳು ಅದನ್ನು ತನ್ನದೇ ಕೈ ಅಂದುಕೊಂಡಿದ್ದಳು. ಆ ಕೈ ಕಲಿತದ್ದು ಯಾರಿಂದ ಅಂತ ಯೋಚಿಸಿರಲಿಲ್ಲ.

"ಏನಮ್ಮಾ, ನಿನಗೊಬ್ಬಳಿಗೇ ಗೊತ್ತು ಅಂದ್ರೆ ನಾನು ಏನಂತ ಬರ್ಕೊಳ್ಳಲಿ?" ಅಂದರು ಇನ್ಸ್‌ಪೆಕ್ಟರು.

ನೀರಕ್ಕ ತಮ್ಮನ ಕಡೆ ನೋಡಿದಳು. ಅವನು ಬೇಕೆಂದೇ ಮರದ ಕಡೆ ನೋಡುತ್ತಿದ್ದ. "ಅಕ್ಕ, ನೀನು ಸುಮ್ನಿರು" ಅಂದ. ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಅವಳು ಮನೆಗೆ ಓಡಿದಳು. ಮಾವ ಮಂಚದ ಮೇಲೆ ಕೂತು ತಟ್ಟೆಗಾಗಿ ಕಾಯುತ್ತಿದ್ದ. ಬಾಗಿಲ ಹಿಂದೆ ಮೊಳೆಯಲ್ಲಿ ಅವನ ಹಳೇ ಖಾಕಿ ಅಂಗಿ ತೂಗುತ್ತಿತ್ತು, ಮುಂಗೈಗೆ ಕೆಸರು ಅಂಟಿಕೊಂಡು ಒಣಗಿತ್ತು. ಮಂಚದ ಹಿಂದೆ ಕೈ ಹಾಕಿದರೆ ತಣ್ಣಗೆ ಕಬ್ಬಿಣ ಸಿಕ್ಕಿತು. ನಿವೃತ್ತಿಯ ದಿನ ಇಲಾಖೆಗೆ ಒಪ್ಪಿಸಬೇಕಾಗಿದ್ದ ಕೀಲಿ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಇತ್ತು, ಅದರ ಅಡ್ಡಹಿಡಿ ಈಗ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ನೀರಕ್ಕ ಅದನ್ನು ಎಳೆದು ಅವನ ಮುಂದೆ ಇಟ್ಟಳು.

"ಮಾವ, ಇದನ್ನ ತಗೊಂಡು ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೆ ಅಂದ್ರೆ? ಡ್ಯೂಟಿಗೆ" ಅಂದ ಮುದುಕ. "ಊಟ ಆಯ್ತಾ ನಿಮ್ದು?"

ಎರಡು ಗಂಟೆಗೆ ಗಿರಣಿಯ ಸೈರನ್ ಕೂಗುತ್ತದೆ. ಅದಕ್ಕೇ ಏಳುತ್ತಿದ್ದ ಅಂತ ಕಾಣುತ್ತದೆ. ಮೇಲ್ಬೀದಿಯವರು ಉಂಡು ಮಲಗುವ ಹೊತ್ತು ಅದು. ಅವನು ಅಂಗಿ ತೊಟ್ಟು, ಕೀಲಿ ಹೊತ್ತು, ಹಾಡುಹಗಲಲ್ಲಿ ನಡುರಸ್ತೆಯಲ್ಲಿ ನಡೆದುಹೋಗಿ, ಓಣಿಗೆ ನೀರು ಬಿಟ್ಟು, ಮೂರರೊಳಗೆ ಅದನ್ನೂ ಮುಚ್ಚಿ ಬರುತ್ತಿದ್ದ, ಯಾರೂ ತಲೆ ಎತ್ತಿ ನೋಡಿರಲಿಲ್ಲ. ನೋಡಿದ ಒಬ್ಬರು ಎಂಬತ್ತೊಂದರ ಮುದುಕನನ್ನು ಮೂವತ್ತರ ಪೈಪಿನವನು ಅಂದುಕೊಂಡಿದ್ದರು. ಖಾಕಿ ಅಂಗಿ ಕಂಡ ಮೇಲೆ ಮುಖ ಯಾಕೆ ಬೇಕು, ಅಲ್ಲವೇ!

ಕೀಲಿಯನ್ನು ಬಾವಿಗೆ ಎಸೆದುಬಿಟ್ಟರೆ? ನಾಳೆಯಿಂದ ಏನೂ ಆಗುವುದಿಲ್ಲ, ಆದರೆ ತಮ್ಮ ಒಳಗೇ ಇರುತ್ತಾನೆ. ನಾನೇ ಮಾಡಿದ್ದು ಅಂತ ಒಪ್ಪಿಕೊಂಡರೆ? ಆಗ ಈ ಮುದುಕನಿಗೆ ಒಂದು ತುತ್ತು ಹಾಕುವವರು ಯಾರು? ನಿಜ ಹೇಳಿದರೆ ಇಲಾಖೆಯ ಕೀಲಿಯನ್ನು ಮನೆಯಲ್ಲಿ ಇಟ್ಟುಕೊಂಡ ತಪ್ಪಿಗೆ ತನ್ನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಮನೆ ಹೋಗುತ್ತದೆ; ಊರಿಗೆಲ್ಲ ನೀರು ಕೊಟ್ಟವನಿಗೆ ಕಡೆಗಾಲದಲ್ಲಿ ನೀರುಗಳ್ಳ ಅನ್ನುವ ಹೆಸರು ಬರುತ್ತದೆ. ಯಾವ ಕಡೆ ತಿರುಗಿಸಿದರೂ ಒಂದು ಕಡೆ ಬಂದ್.

ಅಂದು ಸೈರನ್ ಕೂಗುವ ಮೊದಲೇ ಬಾಗಿಲಿಗೆ ಚಿಲಕ ಹಾಕಿ ಮಾವನನ್ನು ತಡೆದಳು. ಸಂಜೆ ಓಣಿಗೆ ಹೋದಳು. ಅಮ್ಮ ಸ್ನಾನ ಮಾಡಿರಲಿಲ್ಲ. ತುಂಬಿದ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಅವುಗಳ ಮುಂದೆ ಕೂತಿದ್ದಳು.

"ಈ ನೀರು ಕುಡಿದ್ರೆ ಗಂಟಲಲ್ಲಿ ಇಳೀತಿಲ್ಲ ಕಣೇ" ಅಂದಳು. "ನನ್ನ ಮಗ ಕದ್ದಿಲ್ಲ. ಕದಿಯೋ ಹಾಗಿದ್ರೆ ಇಷ್ಟು ವರ್ಷ ಯಾಕೆ ಬಿಡ್ತಿದ್ದ?"

"ಗೊತ್ತಮ್ಮ."

"ಗೊತ್ತಿದ್ರೆ ಹೋಗಿ ಹೇಳು. ನಿನ್ನ ಮಾತು ಅವರು ಕೇಳ್ತಾರೆ, ನೀನು ಗೌರ್ಮೆಂಟು."

ನೀರಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. ವರ್ಷ ವರ್ಷಕ್ಕೆ ಕಾಗದಕ್ಕಾಗಿ ಬಾಗಿಲು ಕಾಯುವವಳು ಗೌರ್ಮೆಂಟಂತೆ! ಆದರೆ ಅಮ್ಮನ ಮುಖ ನೋಡಿದ ಮೇಲೆ ಅವಳ ಮನಸ್ಸು ಗಟ್ಟಿಯಾಯಿತು.

ಮಾರನೇ ದಿನ ಬೆಳಿಗ್ಗೆ ಠಾಣೆಗೆ ಹೋಗಿ ಹೇಳಿದಳು: "ಸಾರ್, ಎರಡು ಗಂಟೆಗೆ ಗುಂಡಿ ಹತ್ತಿರ ಬನ್ನಿ. ಅಧ್ಯಕ್ಷರನ್ನೂ ಮೇಡಮ್ಮನ್ನೂ ಕರ್ಕೊಂಡು ಬನ್ನಿ. ಮಾಡಿದೋರನ್ನ ತೋರಿಸ್ತೀನಿ. ಆದ್ರೆ ಒಂದು ಮಾತು ಕೊಡಿ, ಯಾರೂ ಗದರ್ಸಬಾರದು."

ಇನ್ಸ್‌ಪೆಕ್ಟರು "ಆಯ್ತು" ಅಂದರು.

ಅಂದು ಮಾವನಿಗೆ ಬೇಗನೆ ಊಟ ಬಡಿಸಿದಳು. ಖಾಕಿ ಅಂಗಿಯ ಕೆಸರು ಒರೆಸಿ, ಬಿದ್ದುಹೋಗಿದ್ದ ಗುಂಡಿ ಹೊಲಿದು ಮೊಳೆಗೆ ಹಾಕಿದಳು. ಹತ್ತು ಜನರ ಎದುರು ನಿಲ್ಲುವವನು, ಅಂಗಿಗೆ ಗುಂಡಿಯಾದರೂ ಇರಲಿ. ಕೀಲಿ ಮಂಚದ ಹಿಂದೆಯೇ ಇತ್ತು. ಒಂದು ಗಂಟೆಗೆ ಹೋಗಿ ಎಂದಿನಂತೆ ಮೇಲ್ಬೀದಿಗೆ ನೀರು ತೆಗೆದು, ಮರದ ಹಿಂದೆ ನಿಂತಳು.

ಸೈರನ್ ಕೂಗಿತು. ಹತ್ತು ನಿಮಿಷಕ್ಕೆ ನೀರಜ್ಜ ಬಂದ. ನಡಿಗೆ ನೋಡಬೇಕಿತ್ತು! ಮನೆಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಮುದುಕ ಕೀಲಿ ಹೆಗಲಿಗೇರಿಸಿ, ಎದೆ ಸೆಟೆಸಿಕೊಂಡು, ರಸ್ತೆಯ ನಟ್ಟನಡುವೆ ಬರುತ್ತಿದ್ದ. ಇನ್ಸ್‌ಪೆಕ್ಟರು, ಅಧ್ಯಕ್ಷರು, ಬಾಲ್ಕನಿ ಮೇಡಂ, ಒಬ್ಬ ಪೇದೆ, ಅವನ ಜೊತೆ ವಾಷರ್, ಎಲ್ಲ ಅಲ್ಲೇ ನಿಂತಿದ್ದರು. ನೀರಜ್ಜ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮುಚ್ಚಳ ಎತ್ತಿದ, ಕೀಲಿ ಇಳಿಸಿದ, ಅಡ್ಡಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಮುಖ ಕೆಂಪಗಾಯಿತು.

"ಮತ್ತೆ ತೆಗ್ದಿದ್ದಾನೆ ಕಳ್ಳ!" ಅಂದ. ಎಡಕ್ಕೆ ಸರಸರ ಸುತ್ತಿ ಬಿಗಿದ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟ. ಪಕ್ಕದ ಓಣಿಯ ವಾಲ್ವನ್ನು ತೆಗೆದು, ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದ. ಆಗ ಇನ್ಸ್‌ಪೆಕ್ಟರ ಟೋಪಿ ಕಂಡಿತು.

"ಬಂದ್ರಾ ಸ್ವಾಮಿ? ನಾನೇ ಬರ್ಬೇಕು ಅಂತಿದ್ದೆ" ಅಂದ. "ಬರ್ಕೊಳ್ಳಿ. ದಿನಾ ಯಾರೋ ಬಂದು ಈ ಮೇಲಿನ ವಾಲ್ವು ತೆಗೀತಿದ್ದಾರೆ. ನಾನು ದಿನಾ ಮುಚ್ತಿದ್ದೀನಿ. ನೀರೆಲ್ಲ ಕಳ್ಳತನ ಆಗ್ತಾ ಇದೆ."

ಇನ್ಸ್‌ಪೆಕ್ಟರು ಕೊಟ್ಟ ಮಾತು ಉಳಿಸಿಕೊಂಡರು. ಮೆಲ್ಲಗೆ, "ಅಜ್ಜ, ಮೇಲಿನ ವಾಲ್ವು ಯಾಕೆ ಮುಚ್ಚಬೇಕು?" ಅಂದರು.

"ಇಂಜಿನಿಯರ ಆರ್ಡರು. ಪೈಪು ಹಾಕಿ ಆಗಿದೆ, ಮನೆ ಇನ್ನೂ ಬಂದಿಲ್ಲ. ಮನೆ ಬರೋ ತನಕ ಬಂದ್ ಇರ್ಬೇಕು. ಮೇಲೆ ಏನಿದೆ ಸ್ವಾಮಿ, ಬರೀ ಹುಲ್ಲು. ಹುಲ್ಲಿಗೆ ನೀರು ಬಿಟ್ಟು ಕೆಳಗೆ ಜನಾನ ಒಣಗ್ಸೋದಾ?"

ಅಧ್ಯಕ್ಷರು ಬಾಯಿ ತೆಗೆದರು. ಅವರ ಬೆನ್ನ ಹಿಂದೆ ಎರಡಂತಸ್ತಿನ ಮನೆಗಳು ಸಾಲಾಗಿ ನಿಂತಿದ್ದವು. "ಅಜ್ಜ, ನಾನು ಇಲ್ಲೇ…" ಅಂತ ಶುರು ಮಾಡಿದರು.

ನೀರಜ್ಜ ಅವರನ್ನು ಮೇಲಿಂದ ಕೆಳಗೆ ನೋಡಿದ. ಇಸ್ತ್ರಿಯಿಲ್ಲದ ಅಂಗಿ, ಕ್ಷೌರವಿಲ್ಲದ ಗಡ್ಡ, ಎಂಟು ದಿನದ ಬಾಡಿದ ಮುಖ. ಅವನ ದನಿಯೇ ಮೆತ್ತಗಾಯಿತು. "ಓಣಿಗೆ ಹೊಸಬರಾ? ನೀರಿಲ್ವಾ ಪಾಪ? ಹೋಗಿ ಒಂದು ಕೊಡ ತಗೊಂಡು ಸಾಲಲ್ಲಿ ನಿಂತ್ಕೊಳ್ಳಿ. ಮುಕ್ಕಾಲು ಗಂಟೆ ಬಿಡ್ತೀನಿ, ಎಲ್ಲರಿಗೂ ಸಿಗುತ್ತೆ, ಹೆದರ್ಬೇಡಿ."

ಪೇದೆ ಕೆಮ್ಮುವ ನೆಪ ಮಾಡಿ ಆಚೆ ತಿರುಗಿದ. ಅಧ್ಯಕ್ಷರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಒದ್ದಾಡಿದರು. ಬಾಲ್ಕನಿ ಮೇಡಂ ಮಾತ್ರ ಆ ಮುದುಕನ ಮುಖವನ್ನೇ ನೋಡುತ್ತಿದ್ದಳು, ತುಂಬ ಹೊತ್ತು.

"ನಾನು ನೋಡಿದ್ದು ಇವರನ್ನೇ ಸಾರ್" ಅಂದಳು ಕೊನೆಗೆ. "ಖಾಕಿ ಅಂಗಿ ನೋಡಿದೆ, ಮುಖ ನೋಡ್ಲಿಲ್ಲ. ಆ ಹುಡುಗನ್ನ ಬಿಟ್ಬಿಡಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಾವು ಮನೆ ಕಟ್ಟಿದ ವರ್ಷ ಇವರು ದಿನಾ ಗೇಟಿನ ಹತ್ತಿರ ನಿಂತು 'ಅಮ್ಮಾ, ನೀರು ಬಂತಾ?' ಅಂತ ಕೇಳ್ತಿದ್ದರು. ಒಳಗಿಂದಲೇ ಹೂಂ ಅಂತಿದ್ದೆ. ಒಂದು ಸಲನೂ ಹೊರಗೆ ಬಂದು ನೋಡ್ಲಿಲ್ಲ" ಅಂದಳು.

ಇನ್ಸ್‌ಪೆಕ್ಟರು ಬರೆದುಕೊಂಡರು. ಕೀಲಿಯನ್ನು ವಶಕ್ಕೆ ತೆಗೆದುಕೊಳ್ಳಲೇಬೇಕಾಗಿತ್ತು, ತೆಗೆದುಕೊಂಡರು. ನೀರಜ್ಜ ಅದನ್ನು ತಾನಾಗಿಯೇ ಒಪ್ಪಿಸಿದ, ಸಾಕ್ಷಿಗೆ ಬೇಕಾಗುತ್ತದೆ ಅಂತ. "ಕಳ್ಳ ಸಿಕ್ಕಿದ ಮೇಲೆ ವಾಪಸ್ ಕೊಡಿ" ಅಂದ.

ಮೇಡಂ ಒಳಗೆ ಹೋಗಿ ಒಂದು ನೀಲಿ ಬಕೆಟ್ಟು ತಂದಳು. ಗಂಡ ಬೇಡ ಅನ್ನುವಷ್ಟರಲ್ಲಿ ಗೋಡೆಯ ಸಂದಿನಲ್ಲಿ ಅಡ್ಡವಾಗಿ ನುಸುಳಿ ಓಣಿಗೆ ಇಳಿದಿದ್ದಳು. ನೀರಕ್ಕನ ಅಮ್ಮ ಸಾಲಿನ ಮೊದಲಲ್ಲಿದ್ದಳು. ತನ್ನ ಮಗನನ್ನು ಒಳಗೆ ಹಾಕಿಸಿದ ಹೆಂಗಸನ್ನು ಅಡಿಯಿಂದ ಮುಡಿವರೆಗೆ ನೋಡಿ, "ಸಾಲು ಅಲ್ಲಿಂದ" ಅಂತ ಕೊನೆಯನ್ನು ತೋರಿಸಿದಳು. ಮೇಡಂ ಹೋಗಿ ಕೊನೆಯಲ್ಲಿ ನಿಂತಳು. ಇಪ್ಪತ್ತು ನಿಮಿಷ ನಿಂತಳು. ಅವಳ ಸರದಿ ಬಂದು ಬಕೆಟ್ಟು ತುಂಬಿದಾಗ ಎತ್ತಲು ಬರಲಿಲ್ಲ, ಅಭ್ಯಾಸವಿರಲಿಲ್ಲ. ಅಮ್ಮ ಗೊಣಗುತ್ತಲೇ ಎದ್ದು ಬಂದು ಹಿಡಿಯ ಇನ್ನೊಂದು ಬದಿಗೆ ಕೈ ಹಾಕಿ ಸಂದಿನವರೆಗೆ ಹೊತ್ತು ಕೊಟ್ಟಳು.

ಸಂಜೆ ವಾಷರ್ ಬಿಡುಗಡೆಯಾಗಿ ಬಂದು, ಬಂದವನೇ ಅಕ್ಕನ ಮೇಲೆ ಹರಿಹಾಯ್ದ.

"ನಿನಗ್ಯಾರು ಹೇಳು ಅಂದ್ರು? ಸುಮ್ನಿರು ಅಂದೆ ತಾನೇ?"

"ನಿನಗೆ ಗೊತ್ತಿತ್ತೇನೋ?"

"ನಾಲ್ಕನೇ ದಿನವೇ ನೋಡ್ದೆ. ಸಂದಿಯಿಂದ ಮೇಲೆ ಕೆಲಸಕ್ಕೆ ಹೋಗ್ತಿದ್ದೆ, ಅಜ್ಜ ಕೀಲಿಗೆ ಕಿವಿ ಇಟ್ಕೊಂಡು ನಿಂತಿದ್ದ." ವಾಷರ್ ಜೇಬಿನಿಂದ ಒಂದು ವಾಷರ್ ತೆಗೆದು ಬೆರಳಲ್ಲಿ ತಿರುಗಿಸಿದ. "ನನಗೆ ಪಾನಾ ಹಿಡಿಯೋದು ಕಲ್ಸಿದ್ದು ಯಾರು? ಅವನ ಹೆಸರು ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು, ಮನೆ ಹೋಗ್ತಿತ್ತು. ನನ್ನದೇನು, ಒಂದು ಲೈಸೆನ್ಸು. ಆಮೇಲೆ ಅಮ್ಮ ಎರಡು ಸಲ ಸ್ನಾನ ಮಾಡ್ತಿದ್ಳು ಅಕ್ಕ. ಅದನ್ನ ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ನೀರಕ್ಕ ತಮ್ಮನ ಕಿವಿ ಹಿಂಡಿದಳು, ಚಿಕ್ಕಂದಿನಲ್ಲಿ ಹಿಂಡುತ್ತಿದ್ದಷ್ಟೇ ಜೋರಾಗಿ, ಆಮೇಲೆ ಆ ಕಿವಿಯನ್ನೇ ಹಿಡಿದುಕೊಂಡು ಅತ್ತಳು.

ಇಲಾಖೆ ನೋಟೀಸು ಕೊಟ್ಟಿತು. ಅವಳು ನಡೆದದ್ದನ್ನೆಲ್ಲ ಬರೆದುಕೊಟ್ಟಳು. ಹದಿನೈದು ದಿನ ಮನೆ ಖಾಲಿ ಮಾಡುವ ಭಯದಲ್ಲೇ ಕಳೆಯಿತು, ಪಾತ್ರೆಗಳನ್ನು ಅರ್ಧ ಕಟ್ಟಿಟ್ಟಿದ್ದಳು. ಕೊನೆಗೆ ಅವಳನ್ನು ಉಳಿಸಿದ್ದು ಎರಡು ಕಾಗದ. ಒಂದು, ದೂರು ಹಿಂತೆಗೆದುಕೊಂಡಿದ್ದೇವೆ ಅಂತ ಮೇಲ್ಬೀದಿಯ ಅಧ್ಯಕ್ಷರು ಬರೆದದ್ದು. ಅಕ್ಷರ ಅವರದು, ಒತ್ತಾಯ ಹೆಂಡತಿಯದು ಅಂತ ಊರಿಗೇ ಗೊತ್ತು. ಇನ್ನೊಂದು ಇನ್ಸ್‌ಪೆಕ್ಟರ ವರದಿ. ಅದರಲ್ಲಿ ಅವರು, ಕೇಳದಿದ್ದರೂ, ಮೇಲ್ಬೀದಿಗೆ ಎಷ್ಟು ಹೊತ್ತು ನೀರು, ಓಣಿಗೆ ಎಷ್ಟು ಹೊತ್ತು, ಎಲ್ಲಿ ಎಷ್ಟು ಮನೆ ಅಂತ ಒಂದರ ಕೆಳಗೊಂದು ಬರೆದಿದ್ದರು. ಎಲ್ಲರಿಗೂ ಗೊತ್ತಿದ್ದ ವಿಷಯವೇ, ಆದರೆ ಅದು ಕಾಗದಕ್ಕೆ ಏರಿದ್ದು ಅದೇ ಮೊದಲು. ಇಂಜಿನಿಯರಿಗೆ ಓದಿ ಮುಜುಗರವಾಯಿತು. ಓಣಿಗೆ ಮಧ್ಯಾಹ್ನ ಇನ್ನೊಂದು ಸರದಿ ಕೊಟ್ಟರು. ಸಮಯ ನೀನೇ ಹೇಳು ಅಂದಾಗ ನೀರಕ್ಕ ಯೋಚಿಸಲೇ ಇಲ್ಲ.

"ಎರಡು ಗಂಟೆ ಸಾರ್" ಅಂದಳು.

ಈಗ ಸೈರನ್ ಕೂಗಿದರೆ ಮಾವ ಏಳುತ್ತಾನೆ, ಅವಳು ಅಂಗಿ ತೊಡಿಸುತ್ತಾಳೆ, ಇಬ್ಬರೂ ಒಂದೇ ಕೀಲಿಯೊಂದಿಗೆ ಹೊರಡುತ್ತಾರೆ. ಅದಕ್ಕಾಗಿ ಊರಿನ ಆ ತುದಿಯ ಕೆಲಸವನ್ನು ಬೆಳಿಗ್ಗೆಗೆ ಬದಲಾಯಿಸಿಕೊಂಡಿದ್ದಾಳೆ. ಹೊಸ ಸರದಿಯ ಮೊದಲ ದಿನ ಗುಂಡಿಯ ಹತ್ತಿರ ನಿಂತು ಕೀಲಿಯನ್ನು ಅವನ ಕೈಗೆ ಕೊಟ್ಟಳು. ಓಣಿಯ ವಾಲ್ವನ್ನು ಅವನು ತೆಗೆಯುವಾಗ ಅಡ್ಡಹಿಡಿಗೆ ತಾನೂ ಕೈ ಕೊಟ್ಟಳು. ಗೋಡೆಯ ಆಚೆ ಕೊಡಕ್ಕೆ ನೀರು ಬಿದ್ದ ಸದ್ದು, ಅಮ್ಮನ ಜೋರು ದನಿ, ಎಲ್ಲ ಕೇಳಿಸಿತು.

ನೀರಜ್ಜ ಅವಳ ಕೈಯನ್ನು ನೋಡಿದ. "ಈ ಕೈಗೆ ವಾಲ್ವ್ ಬಗ್ಗಿದೆ" ಅಂದ. ಯಾರ ಕೈ ಅಂದುಕೊಂಡನೋ ಗೊತ್ತಿಲ್ಲ. ನೀರಕ್ಕನಿಗೆ ಅದು ತನ್ನದೇ ಅಂದುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ.

"ಮೇಲಿನದು ಬಂದ್ ಇದೆ ತಾನೇ?"

ಮೇಲ್ಬೀದಿಯ ವಾಲ್ವು ಒಂದು ಗಂಟೆಯಿಂದ ತೆರೆದೇ ಇತ್ತು. "ಇದೆ ಮಾವ" ಅಂದಳು.

"ಮೇಲ್ಗಡೆ ಇನ್ನೂ ಮನೆ ಯಾವುದೂ ಬಂದಿಲ್ಲ ಅಲ್ವಾ?"

ನೀರಕ್ಕ ತಲೆ ಎತ್ತಿದಳು. ಎದುರಿನ ಮಹಡಿಯ ಮೇಲೆ ಬಾಲ್ಕನಿ ಮೇಡಂ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು, ಅವಳಿಗೆ ಎಲ್ಲ ಕೇಳಿಸಿತ್ತು. ನೀರಜ್ಜನೂ ಕಣ್ಣಿಗೆ ಕೈ ಅಡ್ಡ ಹಿಡಿದು ನಿಧಾನವಾಗಿ ಆ ಕಡೆಗೇ ತಿರುಗುತ್ತಿದ್ದ.

"ಇಲ್ಲ ಮಾವ, ಒಂದೂ ಬಂದಿಲ್ಲ" ಅಂದಳು ನೀರಕ್ಕ.

ಮೇಡಂ ಬಟ್ಟೆಯನ್ನು ಹಾಗೇ ಬಕೆಟ್ಟಿಗೆ ಹಾಕಿ, ಸದ್ದಾಗದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.